ಎಲೆಗಳ ಆಯ್ಕೆಯೂ ವಾದದ ಮರ್ಯಾದೆಯೂ

ಇಸ್ಪೀಟಾಟದ ಹೆಸರು ಕಿವಿಗೆ ಬಿದ್ದೊಡನೆ ಹಿರಿಯರ ಹುಬ್ಬು ಗಂಟಿಕ್ಕುವುದು ಲೋಕರೂಢಿ. ಕಾಲಹರಣ, ಪಣ, ಮನೆಹಾಳು ಎಂಬ ಮೂರು ದೋಷಗಳು ಆ ಆಟದ ಬೆನ್ನಿಗೆ ಅಂಟಿಕೊಂಡೇ ಬಂದಿವೆ. ಆದರೆ ಎಲೆಯಾಟಗಳಲ್ಲೆಲ್ಲ ಒಂದೇ ಬಗೆಯವಲ್ಲ. ಇಸ್ಪೀಟಿನಲ್ಲಿ 52 ಎಲೆಗಳ ಕಟ್ಟು ಆಡುವವರೆಲ್ಲರಿಗೂ ಸಮಾನ. ಕೈಗೆ ಬಂದ ಎಲೆ ಮಾತ್ರ ಬೇರೆ ಬೇರೆ. ಆಟಗಾರನು ತನ್ನ ಕಟ್ಟನ್ನು ತಾನೇ ಆರಿಸಿ, ಜೋಡಿಸಿ, ಮನೆಯಿಂದಲೇ ತರಬೇಕಾದ ಆಟವೊಂದಿದೆ. ಅಲ್ಲಿ ಅರ್ಧ ಯುದ್ಧವು ಆಟಕ್ಕೆ ಕುಳಿತುಕೊಳ್ಳುವ ಮೊದಲೇ, ಆಯ್ಕೆಯಲ್ಲಿಯೂ ಆಯ್ಕೆಯನ್ನು ಕುರಿತ ವಾದದಲ್ಲಿಯೂ ನಡೆದುಹೋಗುತ್ತದೆ.

‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಈ ಆಟವನ್ನು ರಚಿಸಿದವರು ಅಮೆರಿಕೆಯ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್. ‘ವಿಜರ್ಡ್ಸ್ ಆಫ್ ದ ಕೋಸ್ಟ್’ ಸಂಸ್ಥೆಯು ಇದನ್ನು 1993ರಲ್ಲಿ ಪ್ರಕಟಿಸಿತು. ಇಬ್ಬರು ಆಟಗಾರರಿಗೂ ತಲಾ 20 ಅಂಕಗಳ ಆಯುಸ್ಸು. ಭೂಮಿಯ ಎಲೆಗಳು ಶಕ್ತಿಯನ್ನು ಕೊಡುತ್ತವೆ. ಆ ಶಕ್ತಿಯನ್ನು ವ್ಯಯಿಸಿ ಜೀವಿಗಳನ್ನೂ ಮಂತ್ರಗಳನ್ನೂ ಪ್ರಯೋಗಿಸಿ ಎದುರಾಳಿಯ ಆಯುಸ್ಸನ್ನು ಸೊನ್ನೆಗಿಳಿಸುವುದೇ ಮುಖ್ಯ ಗುರಿ. ಕಟ್ಟಿನಲ್ಲಿ 60 ಎಲೆಗಳಾದರೂ ಇರಬೇಕು. ಮೂಲಭೂಮಿಗಳನ್ನುಳಿದು ಒಂದೇ ಹೆಸರಿನ ಎಲೆ 4ಕ್ಕಿಂತ ಹೆಚ್ಚಿರಕೂಡದು. ಇದಲ್ಲದೆ 15 ಮೀಸಲು ಎಲೆಗಳನ್ನು ಇಟ್ಟುಕೊಂಡು, ಮೊದಲ ಆಟವಾದ ಮೇಲೆ ಎದುರಾಳಿಯನ್ನು ಅರಿತು ಬದಲಾಯಿಸಿಕೊಳ್ಳಬಹುದು. ಆರಂಭದ ನಿಯಮಗಳಲ್ಲಿ ಎಲೆಯೊಂದನ್ನು ಪಣವಾಗಿಡುವ ಪದ್ಧತಿಯೂ ಇತ್ತು; ಸ್ಪರ್ಧೆಗಳಲ್ಲಿ ಅದು ಬಿಟ್ಟುಹೋಗಿ, ಪಣಕ್ಕೆ ಸಂಬಂಧಿಸಿದ ಎಲೆಗಳೇ ನಿಷಿದ್ಧವಾದುವು.

ವರ್ಷವರ್ಷವೂ ಹೊಸ ಎಲೆಗಳು ಹೊರಬರುತ್ತಲೇ ಇರುವುದರಿಂದ, ನಿನ್ನೆಯ ಬಲಿಷ್ಠ ಕಟ್ಟು ನಾಳೆಗೆ ನಿಸ್ತೇಜವಾಗುವುದುಂಟು. ಈ ಓಟದಿಂದ ದೂರ ಸರಿಯಬಯಸಿದವರಿಗಾಗಿ 2012ರಲ್ಲಿ ಸ್ವೀಡನ್ನಿನ ಮಾರ್ಟಿನ್ ಬರ್ಲಿನ್ ಅವರು ‘ಪ್ರೀಮಾಡರ್ನ್’ ಎಂಬ ಪಂದ್ಯಕ್ರಮವನ್ನು ರೂಪಿಸಿದರು. 1995ರ ನಾಲ್ಕನೆಯ ಆವೃತ್ತಿಯಿಂದ 2003ರ ‘ಸ್ಕರ್ಜ್’ ಸಂಪುಟದವರೆಗಿನ ಎಲೆಗಳಿಗೆ ಮಾತ್ರ ಇಲ್ಲಿ ಪ್ರವೇಶ. ಅತಿಬಲದ ಕೆಲವು ಎಲೆಗಳಿಗೆ ನಿಷೇಧ. ಹೊಸದೊಂದು ಎಲೆಯೂ ಇದಕ್ಕೆ ಸೇರುವಂತಿಲ್ಲ.

ಸೇರಿಕೆ ನಿಂತ ಮೇಲೆ ಚರ್ಚೆಯೂ ನಿಲ್ಲಬೇಕಲ್ಲವೆ ಎಂದು ಯಾರಾದರೂ ಕೇಳಿಯಾರು. ನಿಲ್ಲಲಿಲ್ಲ. ಮೂಲಗ್ರಂಥ ಮುಗಿದಿದ್ದರೂ ವ್ಯಾಖ್ಯಾನ ಮುಗಿಯದೆಂಬುದನ್ನು ಶಾಸ್ತ್ರಾಭ್ಯಾಸಿಗಳು ಬಲ್ಲರು. ಒಂದು ನಿದರ್ಶನವನ್ನು ನೋಡಬಹುದು. 1996ರ ‘ಮಿರಾಜ್’ ಸಂಪುಟದ ‘ಫೈರೆಕ್ಸಿಯನ್ ಡ್ರೆಡ್‌ನಾಟ್’ ಎಂಬ ದೈತ್ಯನ ಬಲ 12, ತಗಲುವ ಶಕ್ತಿ ಕೇವಲ 1. ಆದರೆ ಅವನು ಕಣಕ್ಕಿಳಿದೊಡನೆ ಒಟ್ಟು 12 ಬಲದ ಜೀವಿಗಳನ್ನು ಬಲಿಕೊಡದಿದ್ದರೆ ಅವನೇ ನಾಶವಾಗಬೇಕು. 2003ರ ‘ಸ್ಟೈಫಲ್’ ಎಂಬ ಮಂತ್ರವು ಇಂತಹ ತಾನಾಗಿ ಎದ್ದೇಳುವ ಕಟ್ಟಳೆಯೊಂದನ್ನು ಅಡಗಿಸುತ್ತದೆ. ಎರಡೂ ಕೂಡಿದರೆ ದೈತ್ಯನು ಉಳಿಯುತ್ತಾನೆ. ಎರಡೇ ಹೊಡೆತಕ್ಕೆ 20ರ ಆಯುಸ್ಸು ಮುಗಿಯುತ್ತದೆ. ಆದರೂ ದೈತ್ಯನ ಎಲೆಗೆ ಆಗ ಜಾರಿಯಲ್ಲಿದ್ದ ನಿಯಮಪಾಠವು ಈ ಮೈತ್ರಿಗೆ ಎಡೆಗೊಡಲಿಲ್ಲ. 2007ರಲ್ಲಿ ಆ ಪಾಠವನ್ನು ಪರಿಷ್ಕರಿಸಿ ಮೂಲದ ಆಶಯಕ್ಕೆ ಮರಳಿಸಿದ ಮೇಲೆ ಮಾತ್ರ ಅದು ಸಾಧ್ಯವಾಯಿತು. ಎಲೆ ಹಳೆಯದೇ, ಅಕ್ಷರವೂ ಹಳೆಯದೇ; ಪಾಠನಿರ್ಣಯದಿಂದ ಹೊಸ ಬಲ ಹುಟ್ಟಿತು.

ಕಟ್ಟುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸುವುದು ರೂಢಿ. ಕಡಿಮೆ ಶಕ್ತಿಯ ಜೀವಿಗಳನ್ನು ಮೊದಲಿಗೇ ಇಳಿಸಿ ಮುನ್ನುಗ್ಗುವುದು ಆಕ್ರಮಣದ ಕಟ್ಟು. ‘ಗಾಬ್ಲಿನ್’ ಪಡೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಎದುರಾಳಿಯ ಒಂದೊಂದು ನಡೆಯನ್ನೂ ತಡೆದು ನಿಧಾನವಾಗಿ ಮೇಲುಗೈ ಪಡೆಯುವುದು ನಿಯಂತ್ರಣದ ಕಟ್ಟು. ‘ಲ್ಯಾಂಡ್‌ಸ್ಟಿಲ್’ ಈ ವರ್ಗದ್ದು. ನಿರ್ದಿಷ್ಟ ಎಲೆಗಳು ಒಂದಾದಾಗ ಏಕಾಏಕಿ ಗೆಲುವನ್ನು ತರುವುದು ಸಂಯೋಗದ ಕಟ್ಟು. ಮಡಿದ ಮಾಟಗಳೆಲ್ಲವನ್ನೂ ಒಮ್ಮೆಗೇ ಎಬ್ಬಿಸುವ ‘ರಿಪ್ಲೆನಿಶ್’ ಎಲೆಯನ್ನಾಧರಿಸಿದ ಕಟ್ಟು ಇಂತಹುದು. ಸಾಮಾನ್ಯವಾಗಿ ಒಂದು ಬಗೆ ಮತ್ತೊಂದನ್ನು ಮೀರಿಸಿದರೆ, ಆ ಮತ್ತೊಂದು ಮೂರನೆಯದನ್ನು ಮೀರಿಸುತ್ತದೆ. ಆದಕಾರಣ ‘ಶ್ರೇಷ್ಠವಾದ ಕಟ್ಟು ಯಾವುದು?’ ಎಂಬ ಪ್ರಶ್ನೆಯೇ ಅಪೂರ್ಣ. ಯಾರ ಎದುರಿಗೆ, ಯಾರ ಕೈಯಲ್ಲಿ ಎಂಬ ಎರಡು ಮಾತು ಸೇರಿದಾಗಲೇ ಅದು ಪ್ರಶ್ನೆಯೆನಿಸುವುದು. ‘ಎಂಜಿನಿಯರ್ಡ್ ಪ್ಲೇಗ್’ ಎಂಬ ಎಲೆಯು ಹೆಸರಿಸಿದ ಒಂದು ಕುಲದ ಜೀವಿಗಳ ಬಲವನ್ನೂ ತಾಳಿಕೆಯನ್ನೂ ಒಂದೊಂದರಂತೆ ತಗ್ಗಿಸುತ್ತದೆ. ಗಾಬ್ಲಿನ್ ಪಡೆಗೆ ಅದು ಮಾರಿ. ಜೀವಿಗಳನ್ನೇ ನೆಚ್ಚದ ಕಟ್ಟಿನ ಮುಂದೆ ಅದು ಬರಿಯ ಕಾಗದ. ಹದಿನೈದು ಮೀಸಲು ಸ್ಥಾನಗಳಲ್ಲಿ ಅದಕ್ಕೆಷ್ಟು ಎಂಬುದನ್ನು ಕುರಿತು ವಾದ ಬೆಳೆಯುವುದು ಇದರಿಂದಲೇ.

ಆ ವಾದದ ಪರಿಯನ್ನು ನೋಡಿದರೆ ನ್ಯಾಯಶಾಸ್ತ್ರವು ವಿಂಗಡಿಸಿದ ಮೂರು ಬಗೆಯ ಕಥೆಗಳೂ ಅಲ್ಲಿ ಕಾಣಸಿಗುತ್ತವೆ. ತತ್ತ್ವವನ್ನು ತಿಳಿಯಲೆಂದು ನಡೆಯುವುದು ವಾದ. ಗೆಲ್ಲಲೆಂದೇ ನಡೆಯುವುದು ಜಲ್ಪ. ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಮುರಿಯುವುದಷ್ಟೇ ವಿತಂಡ. ‘ನಿನ್ನೆ ಈ ಕಟ್ಟಿನಿಂದ ಮೂರು ಆಟ ಗೆದ್ದೆ, ಆದುದರಿಂದ ಇದೇ ಮೇಲು’ ಎಂಬ ಮಾತು ಕಾಕತಾಳೀಯಕ್ಕೆ ಒಳ್ಳೆಯ ನಿದರ್ಶನ. ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. 60ರ ಕಟ್ಟಿನಲ್ಲಿ 4 ಪ್ರತಿಗಳಿರುವ ಎಲೆಯೊಂದು ಮೊದಲ 7 ಎಲೆಗಳಲ್ಲಿ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ ಸುಮಾರು 40. ನಾಲ್ಕು ನಾಲ್ಕು ಪ್ರತಿಗಳ ಎರಡು ಎಲೆಗಳು ಜೊತೆಯಾಗಿ ಬರುವುದು ಏಳು ಬಾರಿಗೆ ಒಂದು ಬಾರಿಯಷ್ಟೆ. ದೈತ್ಯನೂ ಅವನ ರಕ್ಷಾಮಂತ್ರವೂ ಮೊದಲ ಕೈಯಲ್ಲೇ ಕೂಡಿಬಂದ ದಿನವನ್ನು ಪ್ರಮಾಣವಾಗಿ ಹಿಡಿದರೆ, ಉಳಿದ ಆರು ದಿನಗಳು ಸಾಕ್ಷಿ ನುಡಿಯದೆ ಬಿಡವು.

ಈ ವಿಚಾರದಲ್ಲಿ ಮೈಕೆಲ್ ಫ್ಲೋರೆಸ್ ಅವರು 1999ರಲ್ಲಿ ಬರೆದ ‘ಹೂ ಈಸ್ ದ ಬೀಟ್‌ಡೌನ್?’ ಎಂಬ ಪ್ರಬಂಧವು ಈ ಆಟದವರಲ್ಲಿ ಬಹುಮಾನ್ಯವಾಗಿದೆ. ಸಮಸ್ವಭಾವದ ಎರಡು ಕಟ್ಟುಗಳು ಎದುರಾದಾಗ ಒಬ್ಬನು ಆಕ್ರಮಣಕಾರ, ಮತ್ತೊಬ್ಬನು ತಡೆಯುವವನು ಆಗಲೇಬೇಕು. ತನ್ನ ಪಾತ್ರವನ್ನು ತಪ್ಪಾಗಿ ತಿಳಿದವನು ಸೋಲುತ್ತಾನೆ ಎಂಬುದು ಅದರ ತಾತ್ಪರ್ಯ. ಕಟ್ಟನ್ನು ಆರಿಸಿದ ಮಾತ್ರಕ್ಕೆ ವಿವೇಕದ ಕೆಲಸ ಮುಗಿಯಿತೆಂದಲ್ಲ. ಎದುರಿಗೆ ಕುಳಿತವನನ್ನು ಅರಿತು, ತನ್ನನ್ನು ತಾನು ಮರಳಿ ಅರಿಯಬೇಕು.

ಇನ್ನು ಬೆಲೆಯ ಮಾತು. ಕೆಲವು ಹಳೆಯ ಎಲೆಗಳನ್ನು ಮತ್ತೆ ಅಚ್ಚುಮಾಡುವುದಿಲ್ಲವೆಂದು ಸಂಸ್ಥೆಯು 1996ರಲ್ಲಿ ಮಾತುಕೊಟ್ಟಿತು. ಮುಂದೆ ಬಂದ ಸಂಪುಟಗಳ ಕೆಲವು ಎಲೆಗಳೂ ಆ ಪಟ್ಟಿಗೆ ಸೇರಿದುವು. ಪ್ರತಿಗಳು ಹೆಚ್ಚುವುದಿಲ್ಲ, ಬೇಡುವವರು ಹೆಚ್ಚುತ್ತಾರೆ. ಬೆಲೆ ಏರುವುದೇ ಸಹಜ. ಹೀಗಾದಾಗ ಬುದ್ಧಿಯ ಸ್ಪರ್ಧೆಯು ಹಣದ ಸ್ಪರ್ಧೆಯಾಗಿ ಇಳಿಯುವ ಅಪಾಯ ತಲೆದೋರುತ್ತದೆ. ಪಂದ್ಯ ನಡೆಸುವವರಲ್ಲಿ ಕೆಲವರು ಪ್ರತಿಕೃತಿಗಳಿಗೆ ಅವಕಾಶ ಕೊಡುತ್ತಾರೆ. ಮೂಲದ ಎಲೆಯೇ ಬೇಕೆಂಬ ಪಕ್ಷವೂ ಇದೆ. ಹಳೆಯದನ್ನು ಉಳಿಸಬೇಕೆಂಬವರೂ ಹೊಸಬರನ್ನು ಬರಮಾಡಿಕೊಳ್ಳಬೇಕೆಂಬವರೂ ಇಲ್ಲಿ ಎದುರುಬದುರಾಗಿದ್ದಾರೆ. ಇಬ್ಬರದೂ ಆಟದ ಮೇಲಣ ಪ್ರೀತಿಯೇ.

ಬೆಲೆಗೂ ಯೋಗ್ಯತೆಗೂ ಇರುವ ಅಂತರವನ್ನು 1996ರಲ್ಲಿ ಪಾಲ್ ಸ್ಲೈ ಎಂಬ ಆಟಗಾರರು ತೋರಿಸಿಕೊಟ್ಟರು. ಅಟ್ಲಾಂಟಾ ನಗರದ ಅರ್ಹತಾ ಪಂದ್ಯವೊಂದಕ್ಕೆ ಅವರು ತಂದುದು ‘ಐರನ್‌ಕ್ಲಾ ಆರ್ಕ್ಸ್’ನಂತಹ, ಬಲ್ಲವರು ಮೂಸಿಯೂ ನೋಡದ ಎಲೆಗಳ ಕಟ್ಟು. ಅದರ ಹಿಂದಿನ ಚಿಂತನೆ ಜೇ ಷ್ನೈಡರ್ ಅವರದು: ಪ್ರತಿಯೊಂದು ಸರದಿಯಲ್ಲಿಯೂ ದೊರೆತ ಶಕ್ತಿಯು ಪೂರ್ತಿಯಾಗಿ ವಿನಿಯೋಗವಾಗುವಂತೆ ಎಲೆಗಳ ಪ್ರಮಾಣವನ್ನು ಹೊಂದಿಸುವುದು. ಆ ಕಟ್ಟು ಎರಡನೆಯ ಸ್ಥಾನವನ್ನು ಪಡೆಯಿತು. ಇಂದಿಗೂ ಆ ಬಗೆಯ ಕಟ್ಟಿಗೆ ‘ಸ್ಲೈ’ ಎಂದೇ ಹೆಸರು. ಪ್ರೀಮಾಡರ್ನ್ ಕ್ರಮದಲ್ಲಿ ಅದರ ವಂಶ ಇನ್ನೂ ಬಾಳುತ್ತಿದೆ. ಬಿಡಿಬಿಡಿಯಾಗಿ ಅಲ್ಪವಾದವು ಕ್ರಮವರಿತು ಕೂಡಿದಾಗ ಅನಲ್ಪವಾದುವು.

ವಿದ್ಯಾರ್ಥಿಗಳಿಗೆ ಚರ್ಚಾಕೂಟವನ್ನು ನಡೆಸಿಕೊಡುವ ಅಧ್ಯಾಪಕರು ಈ ಆಟದಿಂದ ಗಮನಿಸತಕ್ಕ ಅಂಶವೊಂದಿದೆ. ಇಲ್ಲಿ ಮಾತಿನ ಚಮತ್ಕಾರಕ್ಕೆ ಕೊನೆಯ ಮಾತಿನ ಅಧಿಕಾರವಿಲ್ಲ. ಎಷ್ಟೇ ಸೊಗಸಾಗಿ ಮಂಡಿಸಿದ ಪಕ್ಷವಾದರೂ ನಾಳೆ ಮೇಜಿನ ಮೇಲೆ ಪರೀಕ್ಷೆಗೆ ಒಳಗಾಗಬೇಕು, ಅದೂ ಒಮ್ಮೆಯಲ್ಲ, ಹಲವು ಬಾರಿ. ಸೋತವನು ತನ್ನ ಅರುವತ್ತು ಎಲೆಗಳನ್ನು ಮತ್ತೆ ಹರಡಿಕೊಂಡು ಯಾವುದನ್ನು ತೆಗೆಯಬೇಕು, ಯಾವುದನ್ನು ಸೇರಿಸಬೇಕು ಎಂದು ಎಣಿಸುತ್ತಾನೆ. ಬಹುವೇಳೆ ತನ್ನನ್ನು ಸೋಲಿಸಿದವನನ್ನೇ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಕೇಳುತ್ತಾನೆ. ಆ ಹೊತ್ತಿನಲ್ಲಿ ಜಲ್ಪವು ವಾದವಾಗುತ್ತದೆ.