ಗಟ್ಟಿ ತಿರುವಿದರೆ ನಿಲ್ಲದ ನೀರು

ನಿಲ್ಕುಂದದ ಕಡೆ ನೀರು ಮೇಲಿನಿಂದ ಬರುತ್ತದೆ. ಸಿದ್ದಾಪುರ ತಾಲೂಕಿನ ಈ ಘಟ್ಟದಂಚಿನಲ್ಲಿ ಬೆಟ್ಟದ ಒರತೆಗೆ ಕರಿ ಪೈಪಿನ ಬಾಯಿ ಒಡ್ಡಿ, ಇಳಿಜಾರಿನಲ್ಲಿ ಎಳೆದು ಮನೆಗೆ ತರುವುದು ರೂಢಿ. ಹಿಂದೆ ಅದೇ ಅಬ್ಬಿ ನೀರು ಅಡಿಕೆ ದಂಬೆಯಲ್ಲಿ ಹರಿದು ಬಚ್ಚಲಿನ ಕಲ್ಲುಮರಿಗೆಗೆ ಬೀಳುತ್ತಿತ್ತು. ದಂಬೆಗೆ ನಲ್ಲಿಯಿಲ್ಲ, ಹಾಗಾಗಿ ನಲ್ಲಿ ಸೋರುವ ತಕರಾರೂ ಇರಲಿಲ್ಲ. ಪೈಪು ಬಂತು, ನೀರಿಗೆ ಒತ್ತಡ ಬಂತು. ನಲ್ಲಿಯ ಗ್ರಹಚಾರ ಶುರುವಾಯಿತು.

ಒತ್ತಡದ ಲೆಕ್ಕ ಸುಲಭ. ಪ್ರತಿ 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ತಾರಸಿ ಟ್ಯಾಂಕಿಗಿಂತ 3 ಮೀಟರ್ ಕೆಳಗಿರುವ ಪೇಟೆಮನೆ ನಲ್ಲಿ ತಡೆಯಬೇಕಾದ್ದು 300 ಗ್ರಾಂ. ಒರತೆಗಿಂತ 30 ಮೀಟರ್ ಕೆಳಗಿರುವ ಮಲೆನಾಡಿನ ನಲ್ಲಿ ತಡೆಯಬೇಕಾದ್ದು 3 ಕೆ.ಜಿ. ಉಂಚಳ್ಳಿ ಜಲಪಾತದ 116 ಮೀಟರನ್ನು ಯಾರಾದರೂ ಪೈಪಿನಲ್ಲಿ ಇಳಿಸಿದರೆ ಬುಡದ ನಲ್ಲಿಗೆ ಹನ್ನೊಂದೂವರೆ ಕೆ.ಜಿ. ಬೀಳುತ್ತದೆ.

ಇದನ್ನು ತಡೆಯುವುದು ಒಂದು ರಬ್ಬರ್ ಬಿಲ್ಲೆ. ಇಂಗ್ಲೆಂಡಿನ ರಾದರ್‌ಹ್ಯಾಮ್‌ನ ಗೆಸ್ಟ್ ಅಂಡ್ ಕ್ರೈಮ್ಸ್ ಎಂಬ ಹಿತ್ತಾಳೆ ಕಾರ್ಖಾನೆ 1845ರಲ್ಲಿ ಪೇಟೆಂಟ್ ಪಡೆದ ತಿರುಪಿನ ನಲ್ಲಿಯ ಹೊಟ್ಟೆ ಇಂದಿಗೂ ಹೆಚ್ಚು ಬದಲಾಗಿಲ್ಲ. ಹಿಡಿ ತಿರುವಿದಾಗ ಸ್ಪಿಂಡಲ್ ಕೆಳಗಿಳಿಯುತ್ತದೆ. ಅದರ ತುದಿಯ ವಾಶರ್, ಒಳಗಿನ ದುಂಡನೆಯ ಹಿತ್ತಾಳೆ ಅಂಚಿನ ಮೇಲೆ ಕೂರುತ್ತದೆ. ಆ ಅಂಚಿಗೆ ಸೀಟು ಎನ್ನುತ್ತಾರೆ. ತಿರುಪಿನ ಮಹಿಮೆಯಿಂದ ಬೆರಳಿನ ಸಣ್ಣ ಬಲವೇ ಸೀಟಿನ ಮೇಲೆ ಹಲವು ಪಟ್ಟಾಗುತ್ತದೆ. ಹನಿ ನಿಲ್ಲಲಿಲ್ಲವೆಂದು ಎರಡೂ ಕೈ ಹಾಕಿ ತಿರುವುವವರು ವಾಶರನ್ನು ಹಿಂಡಿ ಸೀಳುವುದಷ್ಟೇ.

ವಾಶರ್ ಸೀಳಿದ ಮೇಲೂ ದಿನ ತಳ್ಳಿದರೆ ಸೀಟಿಗೇ ಪೆಟ್ಟು. 30 ಮೀಟರ್ ಎತ್ತರದ ನೀರು ಕೂದಲೆಳೆಯ ಸಂದಿಯಿಂದ ನುಗ್ಗುವ ವೇಗ, ತಿಕ್ಕಾಟ ಬಿಟ್ಟು ಲೆಕ್ಕ ಹಾಕಿದರೆ, ಸೆಕೆಂಡಿಗೆ 24 ಮೀಟರ್. ಗಂಟೆಗೆ 87 ಕಿ.ಮೀ. ನಮ್ಮ ಘಟ್ಟದ ತಿರುವಿನಲ್ಲಿ ಯಾವ ಬಸ್ಸಿಗೂ ಆ ಧೈರ್ಯವಿಲ್ಲ. ಮಳೆಗಾಲದಲ್ಲಿ ಒರತೆಯ ಮರಳೂ ಸೇರಿದರೆ ಹಿತ್ತಾಳೆಯಲ್ಲಿ ಸಣ್ಣ ಗೀರು ಬೀಳುತ್ತದೆ. ಕಿರುಬೆರಳನ್ನು ಸೀಟಿನ ಮೇಲೆ ಸುತ್ತ ಆಡಿಸಿದರೆ ಉಗುರಿಗೆ ತಾಗುತ್ತದೆ. ಅಂಥ ಸೀಟಿನ ಮೇಲೆ ಎಷ್ಟು ಹೊಸ ವಾಶರ್ ಹಾಕಿದರೂ ವ್ಯರ್ಥ. ಸೀಟು ಸಮ ಮಾಡುವ ಕಟರ್ ತಿರುಗಿಸಬೇಕು.

ರಿಪೇರಿಗೆ ಮೊದಲು ಸೋರುವುದು ಎಲ್ಲಿಂದ ಎಂದು ನೋಡಿ. ಮುಚ್ಚಿದಾಗ ಮೂತಿಯಿಂದ ಹನಿಕಿದರೆ ವಾಶರ್ ಅಥವಾ ಸೀಟು. ತೆರೆದಾಗ ಹಿಡಿಯ ಬುಡದಿಂದ ಒಸರಿದರೆ ಸ್ಪಿಂಡಲ್ ಸುತ್ತಲಿನ ಪ್ಯಾಕಿಂಗ್; ಅದರ ಮೇಲಿನ ನಟ್ಟನ್ನು ಕಾಲು ಸುತ್ತು ಬಿಗಿದರೆ ಅರ್ಧ ಕೇಸು ಮುಗಿಯುತ್ತದೆ, ಮುಗಿಯದಿದ್ದರೆ ಎಣ್ಣೆ ಸವರಿದ ಹತ್ತಿ ದಾರ ಸುತ್ತಬೇಕು. ಟೆಫ್ಲಾನ್ ಟೇಪಿನ ಸುರುಳಿ ಹಿಡಿದು ಬರುವವರಿಗೆ ಒಂದು ಮಾತು: ಅದು ಪೈಪಿನ ಮರೆಗೆ, ಮೂತಿಯ ಹನಿಗಲ್ಲ.

ಆಮೇಲೆ ನೀರು ನಿಲ್ಲಿಸಬೇಕು. ಎಷ್ಟೋ ಮನೆಗಳಲ್ಲಿ ಗೇಟ್ ವಾಲ್ವ್ ಇರುವುದಿಲ್ಲ, ಕರಿ ಪೈಪನ್ನು ಮಡಚಿ ಬಳ್ಳಿ ಬಿಗಿಯುತ್ತಾರೆ. ಮಡಚಿದಲ್ಲಿ ಬಿಳಿ ಗೆರೆ ಬಿದ್ದರೆ ಮುಂದಿನ ಸೋರಿಕೆ ಅಲ್ಲೇ. ಗುಡ್ಡ ಹತ್ತಿ ಪೈಪಿನ ಬಾಯಿ ತೆಗೆಯುವುದೇ ಲೇಸು. ಬಿಚ್ಚುವಾಗ ನಲ್ಲಿಯನ್ನು ಅರ್ಧ ತೆರೆದಿಡಿ, ಇಲ್ಲದಿದ್ದರೆ ವಾಶರ್ ಸೀಟಿಗೆ ಕಚ್ಚಿಕೊಂಡು ಅಡ್ಡಿ. ಒಂದು ಸ್ಪ್ಯಾನರ್ ಮೇಲಿನ ನಟ್ಟಿಗೆ, ಇನ್ನೊಂದು ನಲ್ಲಿಯ ಮೈಗೆ. ಒಂದೇ ಸ್ಪ್ಯಾನರಿನಲ್ಲಿ ಎಳೆದಾಡಿದರೆ ಗೋಡೆಯೊಳಗಿನ ಹಳೆ ಕಬ್ಬಿಣದ ಎಲ್ಬೋ ಮುರಿಯುತ್ತದೆ. ಆಗ ಖರ್ಚು ವಾಶರಿನದಲ್ಲ, ಗೋಡೆಯದು.

ಹವಾಯಿ ಚಪ್ಪಲಿ ಕತ್ತರಿಸಿ ವಾಶರ್ ಮಾಡುವ ಜಾಣ್ಮೆ ನಮ್ಮಲ್ಲಿದೆ. ಚಪ್ಪಲಿಯದು ಗಾಳಿಗುಳ್ಳೆಗಳ ಮೆತ್ತನೆ ರಬ್ಬರ್. ಒತ್ತಿದರೆ ಚಪ್ಪಟೆಯಾಗಿ ಹಾಗೇ ಉಳಿಯುತ್ತದೆ. ನೆಂಟರು ಹೋಗುವತನಕ ಸಾಕು. ಕಾಲು ಸುತ್ತಿನ ಹೊಸ ನಲ್ಲಿಗಳಲ್ಲಿ ವಾಶರೇ ಇಲ್ಲ, ಎರಡು ನುಣುಪು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಅವು ಮರಳಿಗಿಂತ ಗಟ್ಟಿ. ಆದರೂ ನಡುವೆ ಒಂದು ಕಣ ಸಿಕ್ಕಿಕೊಂಡರೆ ಹನಿ ಶುರು. ಬಿಚ್ಚಿ ತೊಳೆದು ನೋಡಿ, ಆಗದಿದ್ದರೆ ಕಾರ್ಟ್ರಿಜ್ ಇಡಿಯಾಗಿ ಬದಲಿಸಿ.

ಬೆಟ್ಟದ ಮನೆಗೆ ನಿಜವಾದ ಮದ್ದು ನಲ್ಲಿಯಲ್ಲಿಲ್ಲ. ಒರತೆಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ, ಮನೆಗಿಂತ ನಾಲ್ಕೈದು ಮೀಟರ್ ಮೇಲೆ ಒಂದು ತೊಟ್ಟಿ. ತೊಟ್ಟಿಯಲ್ಲಿ ನೀರು ಗಾಳಿಗೆ ತೆರೆದುಕೊಂಡ ಕೂಡಲೇ ಮೇಲಿನ ಒತ್ತಡವೆಲ್ಲ ಅಲ್ಲೇ ಕಳೆಯಿತು. ನಲ್ಲಿಗೆ ಉಳಿಯುವುದು ಅರ್ಧ ಕೆ.ಜಿ.

ಹರಿದು ಹೋಗುವ ನೀರಿಗೆ ಲೆಕ್ಕವೇಕೆ ಎನ್ನುವವರಿದ್ದಾರೆ. ಸೆಕೆಂಡಿಗೊಂದು ಹನಿಯಂತೆ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು. ಏಪ್ರಿಲ್‌ನಲ್ಲಿ ಅಬ್ಬಿ ನೂಲಾದಾಗ ಅದೂ ಲೆಕ್ಕಕ್ಕೆ ಬರುತ್ತದೆ. ಹಳೆ ಹಿತ್ತಾಳೆ ನಲ್ಲಿಯನ್ನು ಗುಜರಿಗೆ ಹಾಕುವ ಮೊದಲು ಸ್ಪಿಂಡಲ್, ನಟ್ಟು ಬಿಚ್ಚಿಟ್ಟುಕೊಳ್ಳಿ. ಅದೇ ಅಳತೆಯದು ಮಳೆಗಾಲದಲ್ಲಿ ಪೇಟೆಗೆ ಹೋದರೂ ಸಿಗುವ ಖಾತ್ರಿಯಿಲ್ಲ.