ಕೌದಿ ಫೋಟೋಕ್ಕೆ ಯಾವ ಕ್ಯಾಮೆರಾ? ಕೊಳ್ಳುವ ಮೊದಲು ಸ್ವಲ್ಪ ಯೋಚಿಸೋಣ

"ಸಿಸ್ಟರ್, ಕೌದಿ ಫೋಟೋ ತೆಗೀಲಿಕ್ಕೆ ಸಂಘದಿಂದ ಒಂದು ಕ್ಯಾಮೆರಾ ತಗೋಬೇಕಂತ ಮಾಡೀವ್ರಿ. ಯಾವುದು ತಗೊಳ್ಳೋಣ?"

ಸಾಂಬ್ರಾಣಿ ಭಾಗದ ಒಂದು ಸ್ವಸಹಾಯ ಸಂಘದ ಸಭೆಯಲ್ಲಿ ಬಂದ ಪ್ರಶ್ನೆ ಇದು. ಉಳಿತಾಯದ ಪುಸ್ತಕದಲ್ಲಿ 11,000 ರೂಪಾಯಿ ಚಿಲ್ಲರೆ ಇತ್ತು. ವಾರವಾರ ಕೂಡಿಟ್ಟ ಹಣ ಅದು. ಅವಸರಕ್ಕೆ ಕಾರಣವೂ ಇತ್ತು. ಬೆಂಗಳೂರಿಗೆ ಕಳಿಸಿದ್ದ ಒಂದು ಕೌದಿ ವಾಪಸ್ ಬಂದಿತ್ತು. "ಫೋಟೋದಲ್ಲಿ ಕೇಸರಿ ಕಾಣ್ತಿತ್ತು, ಬಂದದ್ದು ಗುಲಾಬಿ" ಅಂತ ಕೊಂಡವರು ಹೇಳಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ರಾತ್ರಿ ಹಳದಿ ಬಲ್ಬಿನ ಕೆಳಗೆ ತೆಗೆದ ಫೋಟೋ ಅದು. ಹೋಗುವ ಬರುವ ಎರಡೂ ಕೊರಿಯರ್ ಖರ್ಚು ಸಂಘದ ಮೇಲೆ ಬಿತ್ತು. ತಿಂಗಳುಗಟ್ಟಲೆ ಕೂತು ಹೊಲಿದ ಅಕ್ಕನಿಗೆ ಆದ ಬೇಸರಕ್ಕೆ ಲೆಕ್ಕ ಎಲ್ಲಿದೆ?

ಹಾಗಾಗಿ ಕ್ಯಾಮೆರಾದ ವಿಷಯವನ್ನು ಎಲ್ಲರಿಗೂ ತಿಳಿಯುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಕೌದಿಗೆ ಒಳ್ಳೆಯ ಫೋಟೋ ಯಾಕೆ ಬೇಕು?

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಅಕ್ಕಂದಿರ ಕೌದಿ ಈಗ ಊರಿನೊಳಗಿನ ವಸ್ತು ಮಾತ್ರ ಅಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಇವುಗಳ ಬಗ್ಗೆ ಅಧ್ಯಯನ ಮಾಡಿದರು. ಅವರ ನೆರವಿನಿಂದ 2004ರಲ್ಲಿ ಕೌದಿ ಹೊಲಿಯುವ ಮಹಿಳೆಯರ ಒಂದು ಸಹಕಾರಿ ಗುಂಪೂ ಹುಟ್ಟಿತು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ನಡೆಯಿತು.

ಕಾರ್ಖಾನೆಯ ಚಾದರ ಸಾವಿರವಿದ್ದರೂ ಒಂದೇ ತರಹ. ಕೌದಿ ಹಾಗಲ್ಲ, ಒಂದರಂತೆ ಇನ್ನೊಂದಿಲ್ಲ. ಹಳೇ ಸೀರೆ, ಅಂಗಿ, ಲಂಗದ ತುಂಡುಗಳನ್ನು ಇಟ್ಟು, ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುವಂತೆ ಹೊಲಿಯುತ್ತಾರೆ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ 'ಫೂಲ' ಇಡದಿದ್ದರೆ ಕೌದಿ ಬತ್ತಲೆ ಅಂತಲೇ ಹೇಳುತ್ತಾರೆ. ದೂರದಲ್ಲಿದ್ದು ಕೊಳ್ಳುವವರಿಗೆ ಇದನ್ನು ಮುಟ್ಟಿ ನೋಡಲು ಆಗುವುದಿಲ್ಲ. ಅವರ ಪಾಲಿಗೆ ಫೋಟೋವೇ ಕೌದಿ.

ಕಾನೂನೂ ಇದನ್ನೇ ಹೇಳುತ್ತದೆ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ತೋರಿಸಿದ್ದಕ್ಕೂ ಕಳಿಸಿದ್ದಕ್ಕೂ ಹೊಂದಿಕೆ ಇರಬೇಕು. ಹೊಂದಿಕೆ ಇಲ್ಲದಿದ್ದರೆ ಮಾರಿದವರು ಮಾಲು ವಾಪಸ್ ತಗೊಳ್ಳೋದಿಲ್ಲ ಅನ್ನುವಂತಿಲ್ಲ. ಅಂದರೆ ಚಂದದ ಫೋಟೋಕ್ಕಿಂತ ನಿಜವಾದ ಫೋಟೋ ನಮಗೆ ಮುಖ್ಯ.

ಮೊದಲು ಕೈಯಲ್ಲಿರುವ ಮೊಬೈಲ್ ಪರೀಕ್ಷೆ ಮಾಡಿ

ಅಂಗಡಿಗೆ ಹೋದ ಕೂಡಲೇ "ಇದು ಇಷ್ಟು ಮೆಗಾಪಿಕ್ಸೆಲ್" ಅಂತ ಶುರುಮಾಡುತ್ತಾರೆ. ಹೆದರಬೇಡಿ. ಒಂದು ಮೆಗಾಪಿಕ್ಸೆಲ್ ಅಂದರೆ 10 ಲಕ್ಷ ಚುಕ್ಕಿಗಳು. 12 ಮೆಗಾಪಿಕ್ಸೆಲ್ ಫೋಟೋದಲ್ಲಿ ಉದ್ದಕ್ಕೆ 4,000, ಅಗಲಕ್ಕೆ 3,000 ಚುಕ್ಕಿ ಇರುತ್ತವೆ. ಆನ್‌ಲೈನ್ ಮಾರಾಟಕ್ಕೆ ಉದ್ದದ ಬದಿಯಲ್ಲಿ 1,600 ರಿಂದ 2,000 ಚುಕ್ಕಿ ಇದ್ದರೆ ಸಾಮಾನ್ಯವಾಗಿ ಸಾಕು. ಅದಕ್ಕಿಂತ ಹೆಚ್ಚಿನದಕ್ಕೆ ದುಡ್ಡು ಸುರಿಯುವುದು ಬೇಡ.

ಸಂಘದ ಮೂವರ ಮೊಬೈಲ್ ತನ್ನಿ. ಲೆನ್ಸನ್ನು ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸಿ. ಒಂದೇ ಕೌದಿಯನ್ನು ಹಗಲಿನ ನೆರಳಿನಲ್ಲಿ ತೂಗುಹಾಕಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದು, ಮೂರರಲ್ಲೂ ಫೋಟೋ ತೆಗೆಯಿರಿ. ಆಮೇಲೆ ಕೌದಿ ಪಕ್ಕದಲ್ಲೇ ಇಟ್ಟು ಹೋಲಿಸಿ. ಫೋಟೋದಲ್ಲಿ ಬಿಳಿ ಹಾಳೆ ಬಿಳಿಯಾಗಿಯೇ ಕಂಡರೆ ಬಣ್ಣ ಸರಿ ಬಂದಿದೆ. ಹಾಳೆ ಹಳದಿಯಾಗಿಯೋ ನೀಲಿಯಾಗಿಯೋ ಕಂಡರೆ ಕೌದಿಯ ಬಣ್ಣವೂ ಸುಳ್ಳೇ. ಫಿಲ್ಟರ್, ಬ್ಯೂಟಿ ಇವೆಲ್ಲ ಬಂದ್ ಇರಲಿ.

ಹೊಲಿಗೆ ಸ್ಪಷ್ಟ, ಬಣ್ಣ ನಿಜ ಇದ್ದರೆ ಆ ಮೊಬೈಲೇ ನಿಮ್ಮ ಕ್ಯಾಮೆರಾ. ಬೇರೆ ಬೇಡ.

ಕ್ಯಾಮೆರಾ ಬೇಕೇ ಬೇಕು ಅಂದರೆ

ಯಾರ ಮೊಬೈಲೂ ಸರಿ ಇಲ್ಲ, ಇಲ್ಲವೇ ಇರುವ ಒಂದೇ ಮೊಬೈಲನ್ನು ಮನೆಯವರು ಕೆಲಸಕ್ಕೆ ಒಯ್ಯುತ್ತಾರೆ, ಹೀಗಿದ್ದರೆ ಕ್ಯಾಮೆರಾದ ಮಾತು ಬರುತ್ತದೆ. ಆದರೆ ಪುಟ್ಟ ಡಿಜಿಟಲ್ ಕ್ಯಾಮೆರಾಗಳ ಕಾಲ ಹೆಚ್ಚುಕಡಿಮೆ ಮುಗಿದಿದೆ. ಜಪಾನಿನ ಕ್ಯಾಮೆರಾ ಉದ್ಯಮ ಸಂಘದ ಲೆಕ್ಕದಲ್ಲಿ 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾ ಮಾರುಕಟ್ಟೆಗೆ ಬಂದವು. 2020ರಲ್ಲಿ ಅದು 1 ಕೋಟಿಗಿಂತ ಕೆಳಗಿಳಿಯಿತು. ಕಾರಣ ಮೊಬೈಲ್. ಆದ್ದರಿಂದ ಕಡಿಮೆ ಬೆಲೆಗೆ ಸಿಗುವುದು ಹೆಚ್ಚಾಗಿ ಬಳಸಿದ ಕ್ಯಾಮೆರಾ. ಕೊಳ್ಳುವಾಗ ಇಷ್ಟು ನೋಡಿ:

1. ಜೂಮ್: 'ಆಪ್ಟಿಕಲ್ ಜೂಮ್' ಇರಬೇಕು. ಇದರಲ್ಲಿ ಲೆನ್ಸೇ ಹತ್ತಿರಕ್ಕೆ ತರುತ್ತದೆ. 'ಡಿಜಿಟಲ್ ಜೂಮ್' ಅಂದರೆ ಇರುವ ಚಿತ್ರವನ್ನೇ ಹಿಗ್ಗಿಸುವುದು. ಅದು ಲೆಕ್ಕಕ್ಕಿಲ್ಲ.
2. ವೈಟ್ ಬ್ಯಾಲೆನ್ಸ್: ಬೆಳಕಿಗೆ ತಕ್ಕಂತೆ ಬಣ್ಣ ಸರಿಮಾಡುವ ಸೌಲಭ್ಯ. ಬಿಸಿಲು, ಮೋಡ, ಬಲ್ಬು ಅಂತ ಆರಿಸಲು ಬರಬೇಕು.
3. ಹೂವಿನ ಗುರುತು: ಇದು ಹತ್ತಿರದಿಂದ ತೆಗೆಯಲು. ಹೊಲಿಗೆ, ಫೂಲ ತೋರಿಸಲು ಬೇಕು.
4. ತಳದಲ್ಲಿ ಸ್ಟ್ಯಾಂಡಿನ ತೂತು, ಮತ್ತು ಟೈಮರ್: ಕೈ ನಡುಗಿದರೂ ಫೋಟೋ ನಡುಗುವುದಿಲ್ಲ.
5. ಮೆಮೊರಿ ಕಾರ್ಡ್: ಈಗಲೂ ಅಂಗಡಿಯಲ್ಲಿ ಸಿಗುವ ಎಸ್‌ಡಿ ಕಾರ್ಡ್ ಹಾಕುವಂತಿರಲಿ. ತೀರಾ ಹಳೆಯ ಕೆಲವು ಕ್ಯಾಮೆರಾಗಳು 2 ಜಿಬಿಗಿಂತ ದೊಡ್ಡ ಕಾರ್ಡ್ ಓದುವುದಿಲ್ಲ. ನಿಮ್ಮ ಕಾರ್ಡ್ ಹಾಕಿಯೇ ನೋಡಿ.
6. ಬ್ಯಾಟರಿ ಮತ್ತು ಚಾರ್ಜರ್: ಬ್ಯಾಟರಿ ಉಬ್ಬಿದ್ದರೆ ಬೇಡ. ಹೊಸದು ಸಿಗುತ್ತದೆಯೇ ಅಂತ ಮೊದಲೇ ಕೇಳಿ.

ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಕಂಡರೆ ಅದು ಬೂಷ್ಟು. ಅಂಥದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ. ಬಿಳಿ ಗೋಡೆಯ ಫೋಟೋ ತೆಗೆದು, ಕಲೆ ಬೀಳುತ್ತದೆಯೇ ನೋಡಿ. ರಸೀದಿ ತಗೊಳ್ಳಿ.

ತೆಗೆಯುವ ಕ್ರಮ

ಎರಡು ಕಂಬಕ್ಕೆ ಒಂದು ಬಿದಿರು ಕಟ್ಟಿ ಕೌದಿ ತೂಗುಹಾಕಿ. ನೇರ ಬಿಸಿಲು ಬೇಡ, ಮನೆಯ ನೆರಳು ಬೀಳುವ ಅಂಗಳ ಒಳ್ಳೆಯದು. ಕ್ಯಾಮೆರಾ ಕೌದಿಯ ನಟ್ಟನಡುವಿನ ಎತ್ತರಕ್ಕೆ, ನೇರ ಎದುರಿಗೆ ಇರಲಿ. ತೀರಾ ಹತ್ತಿರ ನಿಂತರೆ ಅಂಚುಗಳು ಡೊಂಕಾಗಿ ಕಾಣುತ್ತವೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ ಸ್ವಲ್ಪ ಜೂಮ್ ಮಾಡಿ. ಫ್ಲಾಶ್ ಬೇಡವೇ ಬೇಡ.

ನಮ್ಮ ಕಡೆ ಮಳೆಗಾಲ ಜೋರು. ಆಗ ಬಾಗಿಲ ಬಳಿ ಜಗಲಿಯಲ್ಲಿ ತೆಗೆಯಬಹುದು. ಆದರೆ ಮಳೆಗೆ ಕಟ್ಟಿದ ನೀಲಿ ತಾಡಪತ್ರಿಯ ಕೆಳಗೆ ತೆಗೆದರೆ ಕೌದಿ ಪೂರ್ತಿ ನೀಲಿ ಬಣ್ಣಕ್ಕೆ ತಿರುಗುತ್ತದೆ. ಇದನ್ನು ನಾವೇ ಅನುಭವಿಸಿದ್ದೇವೆ.

ಒಂದು ಕೌದಿಗೆ ಐದು ಫೋಟೋ ಸಾಕು: ಪೂರ್ತಿ ಕೌದಿ, ಹಿಂಬದಿ, ಮೂಲೆಯ ಫೂಲ, ಹತ್ತಿರದಿಂದ ಹೊಲಿಗೆ, ಮಂಚದ ಮೇಲೆ ಹಾಸಿದ್ದು. ಹೊಲಿಗೆ ಎದ್ದು ಕಾಣಲು ಬೆಳಕು ಪಕ್ಕದಿಂದ ಬರಲಿ. ಹಳೇ ಬಟ್ಟೆ ಮಾಸಿದ್ದರೆ, ಕಲೆ ಇದ್ದರೆ ಅದರ ಫೋಟೋವನ್ನೂ ಸೇರಿಸಿ. ಮುಚ್ಚಿಟ್ಟರೆ ಅದೇ ಕೊರಿಯರಿನಲ್ಲಿ ವಾಪಸ್ ಬರುತ್ತದೆ. ಅಳತೆಯನ್ನು ಟೇಪು ಹಿಡಿದೇ ಬರೆಯಿರಿ: 5 ಅಡಿ x 6 ಅಡಿ ಅಂದರೆ ಸುಮಾರು 152 x 183 ಸೆಂಟಿಮೀಟರ್.

ಫೋಟೋವನ್ನು ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಚಿಕ್ಕದಾಗುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಹೊಲಿದವರ ಮುಖ, ಹೆಸರು ಹಾಕುವ ಮೊದಲು ಅವರನ್ನು ಕೇಳಿ. ಬೇಡ ಅಂದರೆ ಬೇಡ.

ಕ್ಯಾಮೆರಾ ಕೊಂಡವರು ಅದನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಯಾರ ಬಳಿ ಇದೆ ಅಂತ ಸಂಘದ ಪುಸ್ತಕದಲ್ಲಿ ಬರೆದಿಡಿ.

ಕೊನೆಗೆ ಆ ಸಂಘ ಏನು ಮಾಡಿತು?

ಪರೀಕ್ಷೆ ಮಾಡಿದಾಗ ಕಾರ್ಯದರ್ಶಿಯ ಮಗಳ ಮೊಬೈಲೇ ಎಲ್ಲಕ್ಕಿಂತ ಚೆನ್ನಾಗಿತ್ತು. ಕ್ಯಾಮೆರಾ ಕೊಳ್ಳಲಿಲ್ಲ. ಮೊಬೈಲ್ ಹಿಡಿಸುವ ಒಂದು ಸ್ಟ್ಯಾಂಡ್, ಹಿಂದೆ ಕಟ್ಟಲು ಒಂದು ಬಿಳಿ ಬಟ್ಟೆ, ಒಂದು ಅಳತೆ ಟೇಪು ತಂದರು. ಮಗಳ ಡಾಟಾ ಖರ್ಚನ್ನು ಸಂಘವೇ ಕೊಡಬೇಕು ಅಂತ ಠರಾವು ಬರೆದರು. ಉಳಿದ ಹಣದಲ್ಲಿ ದಾರ ಬಂತು. ವಾಪಸ್ ಬಂದಿದ್ದ ಗುಲಾಬಿ ಕೌದಿಯ ಫೋಟೋವನ್ನು ಹಗಲಿನಲ್ಲಿ ಮತ್ತೆ ತೆಗೆದರು. ಈ ಸಲ ಗುಲಾಬಿ ಗುಲಾಬಿಯಾಗಿಯೇ ಬಂತು. ಅದನ್ನು ಗುಲಾಬಿ ಬಣ್ಣಕ್ಕೇ ಮೆಚ್ಚಿದ ಇನ್ನೊಬ್ಬರು ಕೊಂಡರು.

ನಿಮ್ಮ ಸಂಘದಲ್ಲೂ ಈ ಪ್ರಶ್ನೆ ಬಂದಿದ್ದರೆ, ಮುಂದಿನ ಸಭೆಗೆ ಒಂದು ಕೌದಿ, ಒಂದು ಬಿಳಿ ಹಾಳೆ ಮತ್ತು ಇರುವ ಮೊಬೈಲುಗಳನ್ನು ತಗೊಂಡು ಬನ್ನಿ. ಸಭೆ ಮಾತ್ರ ಹಗಲು ಹೊತ್ತಿನಲ್ಲಿ ಇಟ್ಟುಕೊಳ್ಳಿ.