ಎರಡು ಸಲ ಓದಬೇಕಾದ ಸಾಲು

ಪುಣೆಯ ಹಿಂಜೆವಾಡಿ, ಹೈದರಾಬಾದಿನ ಹೈಟೆಕ್ ಸಿಟಿ, ನವಿ ಮುಂಬಯಿಯ ಐರೋಲಿ, ಎಲ್ಲಿ ಹೋದರೂ ಕಂಪ್ಯೂಟರ್ ಮುಂದೆ ಕೂತ ಕನ್ನಡಿಗರು ಸಿಗುತ್ತಾರೆ. ಅವರಲ್ಲಿ ಸರ್ವರ್ ನೋಡಿಕೊಳ್ಳುವವರಿಗೆ ಮೌಸ್‌ಗಿಂತ ಕೀಬೋರ್ಡ್ ಹತ್ತಿರ. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಕೆಲಸ ಆಯಿತು. ಇದನ್ನೇ ಕಮಾಂಡ್ ಲೈನ್ ಎನ್ನುವುದು. ನಾನೂ ಪುಣೆಯಲ್ಲಿ ಹದಿನಾಲ್ಕು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ರಜೆಯ ದಿನ ನನಗೆ ಇನ್ನೊಂದು ಹವ್ಯಾಸ ಇದೆ. ಈ ಕಮಾಂಡ್‌ಗಳ ಕೈಪಿಡಿಗಳಲ್ಲಿ ಇಂಗ್ಲಿಷ್ ವ್ಯಾಕರಣ ಎಲ್ಲಿ ತಪ್ಪಿದೆಯೋ ಅಲ್ಲಿ ತಿದ್ದಿ ಕಳಿಸುವುದು.

ಕೇಳಿದವರು ಮೊದಲು ನಗುತ್ತಾರೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವನು ಇಂಗ್ಲಿಷ್ ತಿದ್ದುವುದೇ ಎಂದು ಮುಖದ ಮೇಲೇ ಕೇಳಿದವರೂ ಇದ್ದಾರೆ. ನನ್ನ ಉತ್ತರ ಒಂದೇ: ಈ ಕೆಲಸಕ್ಕೆ ನಮ್ಮಂಥವರೇ ಸರಿ. ಯಾಕೆ ಅಂತ ಹೇಳುತ್ತೇನೆ.

ಈ ಕೈಪಿಡಿಗಳಿಗೆ ಐವತ್ತು ವರ್ಷ ಮೀರಿದ ಚರಿತ್ರೆ ಇದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಕಟ್ಟಿದಾಗ ಅದರ ಮೊದಲ ಕೈಪಿಡಿ 1971ರ ನವೆಂಬರ್ 3ರಂದು ಹೊರಬಂತು. ಕಮಾಂಡ್‌ನ ಹೆಸರು, ಬಳಸುವ ಬಗೆ, ವಿವರಣೆ, ಕೊನೆಗೆ ಅದರಲ್ಲಿರುವ ದೋಷಗಳು ಎಂಬ ಅಚ್ಚುಕಟ್ಟು ಆಗಲೇ ಇತ್ತು. ತಮ್ಮ ಪ್ರೋಗ್ರಾಂನ ಹುಳುಕನ್ನು ತಾವೇ ಬರೆದಿಡುವ ಆ ಪ್ರಾಮಾಣಿಕತೆ ಇವತ್ತಿಗೂ ಓದುವಾಗ ಖುಷಿ ಕೊಡುತ್ತದೆ. ಇಂದಿನ ಲಿನಕ್ಸ್‌ನಲ್ಲಿ 'ಮ್ಯಾನ್' ಎಂದು ಟೈಪ್ ಮಾಡಿ ಮುಂದೆ ಕಮಾಂಡ್‌ನ ಹೆಸರು ಕೊಟ್ಟರೆ ಬರುವ ಪುಟ ಅದೇ ವಂಶದ್ದು.

ಈ ಪುಟಗಳನ್ನು ಬರೆದವರು ಸಾಹಿತಿಗಳಲ್ಲ. ಪ್ರೋಗ್ರಾಂ ಬರೆದವರೇ ರಾತ್ರಿ ನಿದ್ದೆಗೆಟ್ಟು ನಾಲ್ಕು ಸಾಲು ಬರೆದಿರುತ್ತಾರೆ. ಅವರಲ್ಲಿ ಜರ್ಮನಿಯವರು, ಫ್ರಾನ್ಸಿನವರು, ಜಪಾನಿನವರು, ನಮ್ಮವರು ಎಲ್ಲರೂ ಇದ್ದಾರೆ. ಇಂಗ್ಲಿಷ್ ಬಹಳ ಮಂದಿಗೆ ಮನೆಮಾತಲ್ಲ. ಹಾಗಾಗಿ ಕೆಲವು ತಪ್ಪುಗಳು ಪುಟದಿಂದ ಪುಟಕ್ಕೆ ಮತ್ತೆ ಮತ್ತೆ ಎದುರಾಗುತ್ತವೆ. 'ಅಲೋಸ್ ಒನ್ ಟು' ಅನ್ನಬೇಕಾದ ಕಡೆ ಬರೀ 'ಅಲೋಸ್ ಟು' ಎಂದಿರುತ್ತದೆ. 'ಅದರ' ಎಂಬರ್ಥದ 'ಇಟ್ಸ್'ಗೆ ಬೇಡದ ಅಪಾಸ್ಟ್ರಫಿ ಅಂಟಿಕೊಂಡಿರುತ್ತದೆ. ಇವು ಕಣ್ಣಿಗೆ ಚುಚ್ಚುತ್ತವೆ, ಆದರೆ ಯಾರ ಕೆಲಸವನ್ನೂ ಕೆಡಿಸುವುದಿಲ್ಲ. ಕೆಲಸ ಕೆಡಿಸುವ ತಪ್ಪುಗಳು ಬೇರೆ ಇವೆ.

ಉದಾಹರಣೆಗೆ ಒಂದು ವಾಕ್ಯವನ್ನು ಕನ್ನಡದಲ್ಲೇ ನೋಡಿ: "ಈ ಕಮಾಂಡ್ ಹಳೆಯ ಫೈಲ್ ಮತ್ತು ಫೋಲ್ಡರ್‌ಗಳನ್ನು ಅಳಿಸುತ್ತದೆ." ಫೋಲ್ಡರ್‌ಗಳಲ್ಲಿ ಹಳೆಯವು ಮಾತ್ರ ಹೋಗುತ್ತವೆಯೋ, ಎಲ್ಲವೂ ಹೋಗುತ್ತವೆಯೋ? ಇನ್ನೊಂದು: "ಫೋಲ್ಡರ್‌ನಲ್ಲಿ ಆ ಫೈಲ್ ಇದ್ದರೆ ಅದನ್ನು ತೆಗೆಯಲಾಗುತ್ತದೆ." ತೆಗೆಯುವುದು ಫೈಲನ್ನೋ ಫೋಲ್ಡರನ್ನೋ? ಕಥೆ ಓದುವಾಗ ಇಂಥ ಅನುಮಾನ ಬಂದರೆ ಮುಂದಿನ ಪ್ಯಾರಾದಲ್ಲಿ ಪರಿಹಾರ ಸಿಗುತ್ತದೆ. ಕಮಾಂಡ್ ಲೈನ್‌ನಲ್ಲಿ ಹಾಗಲ್ಲ. ಅಲ್ಲಿ 'ಆರ್‌ಎಂ' ಎಂಬ ಕಮಾಂಡ್ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ, ನೇರವಾಗಿ ಹೋಗಿಬಿಡುತ್ತದೆ. ಆ ಹೊತ್ತಿಗೆ ಓದುವವನ ಪಕ್ಕದಲ್ಲಿ ಕೇಳಲು ಯಾರೂ ಇರುವುದಿಲ್ಲ. ನೈಟ್ ಶಿಫ್ಟ್, ಮುಂದೆ ಪರದೆ, ಕೈಯಲ್ಲಿ ಆ ಒಂದು ವಾಕ್ಯ, ಅಷ್ಟೇ.

ನಮ್ಮ ತಂಡಕ್ಕೆ ಎರಡು ವರ್ಷದ ಹಿಂದೆ ವಿಜಯಪುರದ ಕಡೆಯ ಒಬ್ಬ ಹುಡುಗಿ ಬಂದಳು. ಮೀಟಿಂಗ್‌ನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಇಂಗ್ಲಿಷ್ ಸರಿಯಿಲ್ಲ ಎಂಬ ಅಳುಕು. ಹಳೆಯ ಲಾಗ್ ಫೈಲ್‌ಗಳನ್ನು ಅಳಿಸುವ ಕೆಲಸ ಅವಳಿಗೆ ಬಂತು. ತಂಡದ ಟಿಪ್ಪಣಿಯಲ್ಲಿ ಫೈಂಡ್ ಎಂಬ ಕಮಾಂಡ್ ಇತ್ತು. ಅದಕ್ಕೆ ಪ್ಲಸ್ ಏಳು ಎಂದು ಕೊಟ್ಟು, ಪಕ್ಕದಲ್ಲಿ "ಏಳು ದಿನಕ್ಕಿಂತ ಹಳೆಯ ಫೈಲ್‌ಗಳನ್ನು ಅಳಿಸುತ್ತದೆ" ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಎಷ್ಟೋ ಜನ ಓದಿ ಮುಂದೆ ಹೋಗಿದ್ದ ಸಾಲು. ಇವಳು ನನ್ನ ಟೇಬಲ್ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಸರ್, ಏಳು ದಿನಕ್ಕಿಂತ ಹಳೇದು ಅಂದ್ರ, ಏಳೂವರಿ ದಿನದ್ದು ಹೋಗತದೋ ಇಲ್ಲೋ?"

"ನೀ ಏನ್ ತಿಳ್ಕೊಂಡಿ?"

"ಟಿಪ್ಪಣಿ ಓದಿದ್ರ ಹೋಗಬೇಕು ಅನಸ್ತದ್ರಿ. ಮ್ಯಾನ್ ಪೇಜ್ ಓದಿದ್ರ ಹೋಗೂದಿಲ್ಲ ಅನಸ್ತದ."

ಅವಳು ಹೇಳಿದ್ದು ಸರಿ. ಫೈಂಡ್ ದಿನಗಳನ್ನು 24 ಗಂಟೆಯ ಲೆಕ್ಕದಲ್ಲಿ ಎಣಿಸಿ ಉಳಿದ ಭಾಗವನ್ನು ಬಿಟ್ಟುಬಿಡುತ್ತದೆ. ಏಳೂವರೆ ದಿನ ಅದರ ಲೆಕ್ಕದಲ್ಲಿ ಏಳೇ. ಪ್ಲಸ್ ಏಳು ಎಂದರೆ ಏಳಕ್ಕಿಂತ ಹೆಚ್ಚು, ಅಂದರೆ ಪೂರ್ತಿ ಎಂಟು ದಿನ ಆಗಬೇಕು. ಪ್ಲಸ್ ಒಂದು ಎಂದು ಕೊಟ್ಟರೆ ಕನಿಷ್ಠ ಎರಡು ದಿನ ಹಳೆಯದಾಗಿರಬೇಕು ಎಂಬ ವಿವರಣೆ ಫೈಂಡ್‌ನ ಕೈಪಿಡಿಯಲ್ಲೇ ಇದೆ. ಡಿಸ್ಕ್ ತುಂಬುತ್ತಿರುವಾಗ ಈ ಒಂದು ದಿನದ ವ್ಯತ್ಯಾಸ ಸಣ್ಣದಲ್ಲ. ಅವಳೇ ಆ ಟಿಪ್ಪಣಿಯನ್ನು ತಿದ್ದಿದಳು: "ಪೂರ್ತಿ ಎಂಟು ದಿನ ಅಥವಾ ಅದಕ್ಕಿಂತ ಹೆಚ್ಚು ಹಳೆಯ ಫೈಲ್‌ಗಳು." ತಂಡದಲ್ಲಿ ಯಾರೂ ಅವಳ ಇಂಗ್ಲಿಷ್ ಬಗ್ಗೆ ಮಾತಾಡಲಿಲ್ಲ.

ಇಲ್ಲಿ ನಡೆದದ್ದು ಇಷ್ಟೆ. ಇಂಗ್ಲಿಷ್ ನೀರು ಕುಡಿದಂತೆ ಓದುವವರಿಗೆ ವಾಕ್ಯದ ಕೊರತೆ ಕಾಣುವುದಿಲ್ಲ, ಬಿಟ್ಟದ್ದನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಶಾಲೆಯಲ್ಲಿ ಕಷ್ಟಪಟ್ಟು ಇಂಗ್ಲಿಷ್ ಕಲಿತವರು ಒಂದೊಂದೇ ಪದವನ್ನು ಹಿಡಿದು ಓದುತ್ತಾರೆ. ಎಲ್ಲಿ ಎಡವುತ್ತಾರೋ ಅಲ್ಲಿ ಸಾಮಾನ್ಯವಾಗಿ ಕಲ್ಲು ಇರುತ್ತದೆ.

ನಮ್ಮ ಕನ್ನಡವೂ ಈ ಕೆಲಸದಲ್ಲಿ ಜೊತೆಗೆ ಬರುತ್ತದೆ. ಇಂಗ್ಲಿಷಿನ 'ಎ' ಮತ್ತು 'ದ' ನಮಗೆ ತೊಡಕು, ಏಕೆಂದರೆ ಕನ್ನಡದಲ್ಲಿ ಅಂಥ ಪದಗಳಿಲ್ಲ. ಆದರೆ ಆ ವ್ಯತ್ಯಾಸ ನಮಗೆ ಗೊತ್ತಿಲ್ಲವೇ? "ಪುಸ್ತಕ ಓದಿದೆ" ಎಂದರೆ ಯಾವುದೋ ಪುಸ್ತಕ. "ಪುಸ್ತಕವನ್ನು ಓದಿದೆ" ಎಂದರೆ ಗೊತ್ತಿರುವ ಆ ಪುಸ್ತಕ. ಶಾಲೆಯಲ್ಲಿ ಬಾಯಿಪಾಠ ಮಾಡಿದ ದ್ವಿತೀಯಾ ವಿಭಕ್ತಿಯೇ ಬಹಳ ಸಲ ಈ ಕೆಲಸ ಮಾಡುತ್ತದೆ. ಕೈಪಿಡಿಯಲ್ಲಿ 'ಎ' ಇರಬೇಕೋ 'ದ' ಇರಬೇಕೋ ಎಂಬ ಅನುಮಾನ ಬಂದಾಗ ನಾನು ಆ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡ ಮಾಡಿಕೊಳ್ಳುತ್ತೇನೆ. 'ಫೈಲ್ ತೆರೆಯುತ್ತದೆ' ಸಾಕೋ, 'ಫೈಲನ್ನು ತೆರೆಯುತ್ತದೆ' ಬೇಕೋ? ಹೆಚ್ಚಿನ ಸಲ ಉತ್ತರ ಸಿಗುತ್ತದೆ.

'ಮಸ್ಟ್', 'ಶುಡ್', 'ಮೇ' ಎಂಬ ಮೂರು ಪದಗಳ ಕಥೆಯೂ ಹಾಗೆಯೇ. ಇಂಟರ್ನೆಟ್ ನಿಯಮಗಳಲ್ಲಿ ಇವುಗಳ ಅರ್ಥವನ್ನು ಖಚಿತಪಡಿಸಲೆಂದೇ 1997ರಲ್ಲಿ ಆರ್‌ಎಫ್‌ಸಿ 2119 ಎಂಬ ದಾಖಲೆ ಬಂತು. ಮೊದಲನೆಯದು ಮಾಡಲೇಬೇಕು. ಎರಡನೆಯದು ಮಾಡಬೇಕು, ಆದರೆ ತಕ್ಕ ಕಾರಣವಿದ್ದು ಪರಿಣಾಮ ಗೊತ್ತಿದ್ದರೆ ಬಿಡಬಹುದು. ಮೂರನೆಯದು ಮಾಡಬಹುದು, ಮಾಡದಿದ್ದರೂ ನಡೆಯುತ್ತದೆ. 'ಬೇಕು' ಮತ್ತು 'ಲೇಬೇಕು'ಗಳ ನಡುವಿನ ಅಂತರವನ್ನು ಕನ್ನಡದ ಮಗುವಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಕಂಡದ್ದನ್ನೆಲ್ಲ ತಿದ್ದಲು ಹೊರಡಬಾರದು. ಯುನಿಕ್ಸ್‌ನಲ್ಲಿ ಫೈಲ್ ಸೃಷ್ಟಿಸುವ ಕರೆಗೆ 'ಕ್ರಿಯೇಟ್' ಎಂಬುದರ ಕೊನೆಯ 'ಇ' ಅಕ್ಷರ ಬಿಟ್ಟು ಹೆಸರಿಟ್ಟಿದ್ದಾರೆ. ಯುನಿಕ್ಸನ್ನು ಮತ್ತೆ ಕಟ್ಟುವುದಾದರೆ ಏನು ಬದಲಿಸುತ್ತೀರಿ ಎಂದು ಕೇಳಿದಾಗ ಥಾಂಪ್ಸನ್ ಅವರು ಆ 'ಇ'ಯನ್ನು ಸೇರಿಸುತ್ತೇನೆ ಎಂದಿದ್ದರಂತೆ. ವೆಬ್‌ನ ಎಚ್‌ಟಿಟಿಪಿಯಲ್ಲಿ 'ರೆಫರರ್' ಎಂಬ ಪದ ಒಂದು 'ಆರ್' ಕಳೆದುಕೊಂಡೇ 1996ರ ದಾಖಲೆಗೆ ಸೇರಿತು, ಇಂದಿಗೂ ಹಾಗೇ ಇದೆ. ಇವು ಹೆಸರುಗಳು. ಇವನ್ನು ನಂಬಿ ಲಕ್ಷಾಂತರ ಪ್ರೋಗ್ರಾಂಗಳು ನಡೆಯುತ್ತಿವೆ. ವಿವರಣೆಯ ವಾಕ್ಯವನ್ನು ತಿದ್ದಬಹುದು, ಹೆಸರನ್ನು ಮುಟ್ಟುವಂತಿಲ್ಲ.

ಸ್ಪೆಲಿಂಗ್‌ನಲ್ಲೂ ಜಾಗ್ರತೆ ಬೇಕು. ನಮ್ಮ ಮೇಷ್ಟ್ರು ಕಲಿಸಿದ್ದು ಬ್ರಿಟಿಷ್ ಸ್ಪೆಲಿಂಗ್. 'ಕಲರ್'ನಲ್ಲಿ 'ಯು' ಇಲ್ಲದಿದ್ದರೆ ಕೆಂಪು ಗೆರೆ ಬೀಳುತ್ತಿತ್ತು. ಆದರೆ ಲಿನಕ್ಸ್ ಮ್ಯಾನ್ ಪೇಜ್ ಯೋಜನೆಯವರು ಅಮೆರಿಕನ್ ಸ್ಪೆಲಿಂಗ್ ಬಳಸಿ ಎನ್ನುತ್ತಾರೆ. 'ಫೈಲ್‌ನೇಮ್' ಒಂದೇ ಪದವಾಗಿರಬೇಕು ಎಂಬಂಥ ಸಣ್ಣ ಸಂಗತಿಯೂ ಅವರ ಶೈಲಿ ಪುಟದಲ್ಲಿದೆ. ಆಯಾ ಯೋಜನೆಯ ಶೈಲಿ ಪುಟವನ್ನು ಓದಿಯೇ ಪೆನ್ನು ಎತ್ತಬೇಕು.

ಇನ್ನೊಂದು ಸಂಗತಿ ಬಹಳ ಜನರಿಗೆ ಹೊಳೆಯುವುದಿಲ್ಲ. ಎಷ್ಟೋ ಪ್ರೋಗ್ರಾಂಗಳ ಸಂದೇಶಗಳು ಗೆಟ್‌ಟೆಕ್ಸ್ಟ್ ಎಂಬ ವ್ಯವಸ್ಥೆಯ ಮೂಲಕ ಬೇರೆ ಬೇರೆ ಭಾಷೆಗಳಿಗೆ ಅನುವಾದವಾಗುತ್ತವೆ. ಇಂಗ್ಲಿಷ್ ಮೂಲದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಅದರ ಅನುವಾದಗಳು 'ಫಜಿ' ಎಂಬ ಗುರುತಿನ ಕೆಳಗೆ ಬೀಳುತ್ತವೆ. ಅನುವಾದಕರು ಮತ್ತೆ ನೋಡಿ ಒಪ್ಪುವ ತನಕ ಆ ಸಾಲು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಕಾಣಿಸುತ್ತದೆ. ನಮ್ಮ ಒಂದು ಕಾಮಾ ಹತ್ತಾರು ಭಾಷೆಗಳ ಸ್ವಯಂಸೇವಕರಿಗೆ ಕೆಲಸ ಹಚ್ಚುತ್ತದೆ. ಅವರಲ್ಲಿ ಕನ್ನಡದವರೂ ಇರಬಹುದು. ಅಂದಕ್ಕಾಗಿ ಮಾಡುವ ತಿದ್ದುಪಡಿಯನ್ನು ನಾನು ಬಿಟ್ಟುಬಿಡುತ್ತೇನೆ. ಅರ್ಥ ಕೆಡುತ್ತಿದ್ದರೆ ಮಾತ್ರ ಕಳಿಸುತ್ತೇನೆ.

ಕಳಿಸುವ ಕ್ರಮ ಕಷ್ಟದ್ದಲ್ಲ. ಮೊದಲು ಹೊಸ ಆವೃತ್ತಿಯಲ್ಲಿ ಆ ಸಾಲು ಆಗಲೇ ಸರಿಯಾಗಿದೆಯೇ ನೋಡಿ. ಒಂದು ಪ್ಯಾಚ್‌ನಲ್ಲಿ ಒಂದು ಬಗೆಯ ತಪ್ಪನ್ನಷ್ಟೇ ತಿದ್ದಿ. ಜೊತೆಗೆ ಎರಡು ಸಾಲು ಬರೆಯಿರಿ: ಓದುವವರು ಇದನ್ನು ಹೇಗೆ ತಪ್ಪು ತಿಳಿಯಬಹುದು, ಪ್ರೋಗ್ರಾಂ ನಿಜವಾಗಿ ಏನು ಮಾಡುತ್ತದೆ. ಗಿಟ್ ಯೋಜನೆಯವರಂತೂ ಈ ಟಿಪ್ಪಣಿ ಆಜ್ಞೆಯ ರೂಪದಲ್ಲಿರಲಿ ಎನ್ನುತ್ತಾರೆ. 'ಸರಿಪಡಿಸಿದೆ' ಅಲ್ಲ, 'ಸರಿಪಡಿಸು'. ನಮ್ಮ ವ್ಯಾಕರಣದ ವಿಧ್ಯರ್ಥಕ ಎಂದುಕೊಳ್ಳಿ. ಮುಖ್ಯವಾಗಿ, ಕಮಾಂಡನ್ನು ಒಂದು ಖಾಲಿ ಫೋಲ್ಡರ್‌ನಲ್ಲಿ ನಡೆಸಿ ನೋಡದೆ ಅದರ ವಾಕ್ಯವನ್ನು ತಿದ್ದಬೇಡಿ. ವಾಕ್ಯ ಸುಂದರವಾಗಿ ಸುಳ್ಳು ಹೇಳುವಂತಾದರೆ ಮೊದಲಿನ ಒರಟು ವಾಕ್ಯವೇ ವಾಸಿ.

ನಾನು ಕಳಿಸಿದ್ದರಲ್ಲಿ ಕೆಲವು ಸೇರಿವೆ, ಕೆಲವಕ್ಕೆ ಉತ್ತರವೇ ಬಂದಿಲ್ಲ. ಒಂದಕ್ಕೆ ನಿರ್ವಾಹಕರೊಬ್ಬರು "ಇದು ಏಕೆ ಬೇಕು?" ಎಂದು ಕೇಳಿದ್ದರು. ಎರಡೂ ಅರ್ಥಗಳನ್ನು ಪಕ್ಕಪಕ್ಕ ಬರೆದು ಕಳಿಸಿದೆ. ಮರುದಿನ ಸೇರಿಸಿಕೊಂಡರು. ನಾನು ಯಾವ ಶಾಲೆಯಲ್ಲಿ ಓದಿದೆ ಎಂದು ಅವರು ಕೇಳಲಿಲ್ಲ.

ಮುಂಬಯಿ, ಪುಣೆ, ಚೆನ್ನೈ, ದೆಹಲಿಯ ಆಫೀಸುಗಳಲ್ಲಿ ಇಂಗ್ಲಿಷ್ ಅಳುಕಿನಿಂದ ಸುಮ್ಮನೆ ಕೂತ ನಮ್ಮ ಹುಡುಗ ಹುಡುಗಿಯರು ಎಷ್ಟೋ ಮಂದಿ ಇದ್ದಾರೆ. ಅವರಿಗೆ ನನ್ನ ಮಾತು ಇಷ್ಟೆ: ನೀವು ದಿನಾ ಬಳಸುವ ಒಂದು ಕಮಾಂಡ್‌ನ ಪುಟವನ್ನು ಈ ಭಾನುವಾರ ಪೂರ್ತಿ ಓದಿ. ಯಾವ ಸಾಲನ್ನು ಎರಡು ಸಲ ಓದಬೇಕಾಯಿತೋ ಅದನ್ನು ಗುರುತು ಹಾಕಿಕೊಳ್ಳಿ. ತಪ್ಪು ನಿಮ್ಮ ಇಂಗ್ಲಿಷಿನದೇ ಎಂದು ತೀರ್ಮಾನಿಸುವ ಮುಂಚೆ, ಆ ಸಾಲಿನದೂ ಇರಬಹುದೇ ಎಂದು ಒಮ್ಮೆ ನೋಡಿ.